ಕತ್ತೆ ಎಂಬ ಅಂಕಿತನಾಮ

ಹಲ್ಲಿನ ಆಸ್ಪತ್ರೆಗೆ ಹೊಸದಾಗಿ ಸೇರಿದ್ದ ಸಹಾಯಕಿ ಫೋನ್ ಎತ್ತಿ ನಮಸ್ಕಾರ ಹೇಳುವಷ್ಟರಲ್ಲೇ ಆ ಕಡೆಯಿಂದ ಒಂದು ಹೆಂಗಸಿನ ದನಿ, “ಕತ್ತೆ ಇದೆಯಾ?” ಎಂದು ಕೇಳಿತು.

ಸಹಾಯಕಿ ಹಿಂದೆ ಕೆಲಸ ಮಾಡಿದ್ದು ಕಣ್ಣಿನ ಆಸ್ಪತ್ರೆಯಲ್ಲಿ. ಅಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ. “ಇಲ್ಲಮ್ಮ, ಇದು ಮನುಷ್ಯರ ಆಸ್ಪತ್ರೆ. ಪ್ರಾಣಿಗಳದ್ದು ಮಾರ್ಕೆಟ್ ಹಿಂದೆ ಇದೆ,” ಎಂದು ವಿನಯದಿಂದಲೇ ಹೇಳಿ ಫೋನ್ ಇಟ್ಟಳು. ಇಟ್ಟ ಕೈ ತೆಗೆಯುವ ಮೊದಲೇ ಅದು ಮತ್ತೆ ಬಡಿದುಕೊಂಡಿತು.

“ಏನಮ್ಮ, ಮಾತಾಡ್ತಿದ್ದ ಹಾಗೇ ಇಟ್ಬಿಟ್ಟೆ? ನಾನು ಅದರ ಅಕ್ಕ.”

ಒಳಗೆ ಒಬ್ಬ ಬಡಗಿಯ ದವಡೆ ಹಲ್ಲಿಗೆ ಸಿಮೆಂಟು ತುಂಬುತ್ತಿದ್ದ ದಂತವೈದ್ಯ ತಲೆಯನ್ನೂ ಎತ್ತದೆ, “ಅದು ನನಗೇ. ಸಂಜೆ ಮಾತಾಡ್ತಾರೆ ಅಂತ ಹೇಳಿಬಿಡಿ,” ಎಂದ. ಬಾಯಿ ತೆರೆದೇ ಇದ್ದುದರಿಂದ ಬಡಗಿ ಏನೂ ಕೇಳುವಂತಿರಲಿಲ್ಲ. ಅವನ ಕಣ್ಣು ಮಾತ್ರ ವೈದ್ಯನ ಮುಖದಿಂದ ಗೋಡೆಯ ಮೇಲಿನ ಪದವಿಪತ್ರಕ್ಕೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ವಾಪಸು ಬಂತು.

ದಂತವೈದ್ಯನಿಗೆ ಇದು ರೂಢಿಯಾಗಿತ್ತು. ಅವನ ವಯಸ್ಸು ನಲವತ್ತು ದಾಟಿತ್ತು. ಕೂದಲು ಹಣೆಯಿಂದ ಹಿಂದೆ ಸರಿದಿತ್ತು, ಕೈ ಮಾತ್ರ ನಡುಗುತ್ತಿರಲಿಲ್ಲ. ಮನೆಯವರೆಲ್ಲ ಅವನನ್ನು ಕರೆಯುತ್ತಿದ್ದುದು ಕತ್ತೆ ಎಂದೇ. ಆಸ್ಪತ್ರೆ ತೆರೆದ ಮೊದಲ ದಿನವೇ ಅವನ ಸೋದರತ್ತೆ ಬಂದು, ಕಾಯುತ್ತ ಕೂತವರ ನಡುವೆ ನಿಂತು, “ನಮ್ಮ ಕತ್ತೆ ಒಳಗಿದೆಯಾ?” ಎಂದು ಗಟ್ಟಿಯಾಗಿ ವಿಚಾರಿಸಿದ್ದರು. ಅಲ್ಲಿಂದ ಹೆಸರು ಬೀದಿಗೆ ಬಿತ್ತು. ಬೀದಿಯವರು ಅದಕ್ಕೆ ತಮಗೆ ತೋಚಿದ ಅರ್ಥ ಹಚ್ಚಿಕೊಂಡರು. ಪಾಪ, ಬೆಳಗಿನಿಂದ ಸಂಜೆಯ ತನಕ ಕತ್ತೆಯ ಹಾಗೆ ದುಡಿಯುತ್ತಾರೆ, ಅದಕ್ಕೇ ಇರಬೇಕು ಎಂದು ಕೆಲವರು. ಯಾರದೋ ಹುಳುಕು ಹಲ್ಲು ಬಿಟ್ಟು ಪಕ್ಕದ ಒಳ್ಳೆಯ ಹಲ್ಲು ಕಿತ್ತಿದ್ದಾರಂತೆ ಎಂದು ಹಲವರು. ಈ ಎರಡನೆಯ ಗುಂಪಿನವರು ಕುರ್ಚಿಯಲ್ಲಿ ಕೂತ ಕೂಡಲೇ ನೋಯುವ ಹಲ್ಲಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಚುಚ್ಚುಮದ್ದು ಕೊಟ್ಟ ಮೇಲೂ ಬೆರಳು ತೆಗೆಯುತ್ತಿರಲಿಲ್ಲ.

ನಿಜವಾಗಿ ಆ ಹೆಸರು ಬಂದದ್ದು ಒಂದು ಇಸ್ಪೀಟಾಟದಿಂದ.

ಮೂವರು ಮಕ್ಕಳಿದ್ದ ಮನೆ. ದೊಡ್ಡವಳು ಹುಡುಗಿ, ನಡುವಿನವನು ಇವನು, ಕೊನೆಯವನು ತಮ್ಮ. ತಾಯಿ ಬೇಗ ತೀರಿಕೊಂಡಿದ್ದಳು. ತಂದೆ ರೈಲಿನ ಗಾರ್ಡು. ಮನೆಯಲ್ಲಿ ಕೂತದ್ದಕ್ಕಿಂತ ಹಸಿರು ಬಾವುಟ ಹಿಡಿದು ನಿಂತದ್ದೇ ಹೆಚ್ಚು. ಮಕ್ಕಳನ್ನು ಸಾಕಿದವರು ತಂದೆಯ ಅಕ್ಕ. ಈ ಸೋದರತ್ತೆಗೆ ದೇವರು ಮಕ್ಕಳನ್ನು ಕೊಡದಿದ್ದರೂ ಗಟ್ಟಿ ಗಂಟಲನ್ನೂ ಇಸ್ಪೀಟಿನ ಹುಚ್ಚನ್ನೂ ಧಾರಾಳವಾಗಿ ಕೊಟ್ಟಿದ್ದ. ರಜೆ ಬಂತೆಂದರೆ ಮಕ್ಕಳು ಬಿಸಿಲಿಗೆ ಬೀಳಬಾರದೆಂಬ ನೆಪದಲ್ಲಿ ಮಧ್ಯಾಹ್ನದ ಊಟ ಮುಗಿಯುತ್ತಲೇ ನಡುಮನೆಯಲ್ಲಿ ಚಾಪೆ ಬಿಚ್ಚುತ್ತಿದ್ದರು. ಆಡುತ್ತಿದ್ದುದು ಕತ್ತೆ ಆಟ.

ಅದರ ನಿಯಮ ಸುಲಭ. ಎಲೆಗಳನ್ನು ಎಲ್ಲರಿಗೂ ಹಂಚುತ್ತಾರೆ. ಒಬ್ಬ ಇಳಿಸಿದ ಬಣ್ಣವನ್ನೇ, ಇಸ್ಪೀಟಾದರೆ ಇಸ್ಪೀಟು, ಡೈಮಂಡಾದರೆ ಡೈಮಂಡು, ಉಳಿದವರೂ ಇಳಿಸಬೇಕು. ಆ ಬಣ್ಣ ತನ್ನಲ್ಲಿ ಇಲ್ಲದವನು ಬೇರೆ ಬಣ್ಣದ ಎಲೆ ಹಾಕಿ ‘ಕಟ್’ ಎಂದರೆ ಮುಗಿಯಿತು, ಆ ಸುತ್ತಿನಲ್ಲಿ ದೊಡ್ಡ ಎಲೆ ಹಾಕಿದವನು ಬಿದ್ದದ್ದನ್ನೆಲ್ಲ ಬಾಚಿಕೊಳ್ಳಬೇಕು. ಕೈ ಖಾಲಿಯಾದವರು ಒಬ್ಬೊಬ್ಬರಾಗಿ ಗೆದ್ದು ಏಳುತ್ತಾರೆ. ಕೊನೆಗೆ ಕೈತುಂಬ ಎಲೆ ಹಿಡಿದು ಒಂಟಿಯಾಗಿ ಕೂತವನೇ ಕತ್ತೆ.

ತಮ್ಮನಿಗೆ ಸೋಲೆಂದರೆ ಆಗುತ್ತಿರಲಿಲ್ಲ. ಸೋತರೆ ಅವನು ಅಳುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ಉಸಿರು ಬಿಗಿಹಿಡಿದು ಮುಖ ನೀಲಿಗಟ್ಟುವವರೆಗೆ ಕೂರುತ್ತಿದ್ದ. ಒಮ್ಮೆ ಹಾಗೆಯೇ ಚಾಪೆಯ ಮೇಲೆ ಎಚ್ಚರ ತಪ್ಪಿ ಉರುಳಿದ. ಅಂದಿನಿಂದ ತಮ್ಮ ದೊಡ್ಡ ಎಲೆ ಇಳಿಸಿದಾಗಲೆಲ್ಲ ಸೋದರತ್ತೆ ನಡುವಿನವನ ಕಡೆ ಒಂದು ನೋಟ ಎಸೆಯುತ್ತಿದ್ದರು. ಅದರ ಅರ್ಥ ಅವನಿಗೆ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತಮ್ಮ ರಾಜ ಹಾಕಿದರೆ ಇವನು ಅದರ ಮೇಲೆ ಎಕ್ಕ ಹಾಕುತ್ತಿದ್ದ, ತಮ್ಮ ಗುಲಾಮ ಹಾಕಿದರೆ ಇವನು ರಾಣಿ. ಮುಂದಿನವರು ಕಟ್ ಮಾಡಿದಾಗ ರಾಶಿ ತಮ್ಮನ ತಲೆ ದಾಟಿ ಇವನ ಮಡಿಲಿಗೆ ಬೀಳುತ್ತಿತ್ತು. ಆ ರಜೆಯಿಡೀ ಅವನೇ ಕತ್ತೆ. ಸೋಲು ಎಂದು ಕಣ್ಣಲ್ಲಿ ಹೇಳಿದವರೂ ಸೋದರತ್ತೆ, ಸೋತ ಕೂಡಲೇ “ಏ ಕತ್ತೆ, ಎಲೆ ಕಲಸು” ಎಂದು ಬಾಯಲ್ಲಿ ಹೇಳಿದವರೂ ಅವರೇ.

ಶಾಲೆ ಶುರುವಾದಾಗ ಎಲೆಗಳು ಡಬ್ಬಿ ಸೇರಿದವು. ಹೆಸರು ಮಾತ್ರ ಹೊರಗೇ ಉಳಿಯಿತು. ಕರೆಯುವುದಕ್ಕೆ ಚಿಕ್ಕದಾಗಿತ್ತು, ಬಾಯಿಗೆ ಒಗ್ಗುತ್ತಿತ್ತು. ಶಾಲೆಯ ದಾಖಲೆಯಲ್ಲಿದ್ದ ಅವನ ಉದ್ದನೆಯ ಹೆಸರು ಅಷ್ಟು ಒಗ್ಗುತ್ತಿರಲಿಲ್ಲ. ಕತ್ತೆ ಊಟಕ್ಕೆ ಬಂತಾ, ಕತ್ತೆಗೆ ಜ್ವರ, ಕತ್ತೆಗೆ ಹೊಸ ಅಂಗಿ ಹೊಲಿಸಬೇಕು. ಸ್ವಲ್ಪ ದಿನಕ್ಕೆ ಆ ಮಾತಿನೊಳಗಿದ್ದ ಪ್ರಾಣಿ ಎಲ್ಲೋ ಮೇಯಲು ಹೋಯಿತು, ಬರೀ ಕೂಗು ಉಳಿಯಿತು. ಅವನು ಪದವಿ ಪಡೆದ ದಿನ ಸೋದರತ್ತೆ ಮಹಡಿ ಮಹಡಿ ಹತ್ತಿ ಇಳಿದು, “ನಮ್ಮ ಕತ್ತೆ ಡಾಕ್ಟರಾಯ್ತು” ಎಂದು ಸಾರಿ ಬಂದರು. ಅವರ ಕಣ್ಣಲ್ಲಿ ನೀರಿತ್ತು. ಕೇಳಿದವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅವನ ಮದುವೆ ತಡವಾಗಿ ಆಯಿತು. ಹೆಂಡತಿ ಹೈಸ್ಕೂಲಿನಲ್ಲಿ ವ್ಯಾಕರಣ ಕಲಿಸುವವಳು. ತಪ್ಪು ಕಂಡರೆ ಬೀದಿಯ ಫಲಕವನ್ನೂ ಮನಸ್ಸಿನಲ್ಲೇ ತಿದ್ದಿ ಮುಂದೆ ಹೋಗುವ ಸ್ವಭಾವ. ಮನೆಯವರು ಗಂಡನನ್ನು ಹಾಗೆ ಕರೆಯುವುದನ್ನು ಕೇಳಿ ಮೊದಲು ತಮಾಷೆ ಎಂದುಕೊಂಡಳು, ಆಮೇಲೆ ಕಿವುಡಾದಳು. ಒಂದು ದಿನ ಶಿಕ್ಷಕರ ಕೋಣೆಯಲ್ಲಿ ಹೆಡ್ ಮಿಸ್ ಕೆನ್ನೆ ಹಿಡಿದುಕೊಂಡು, “ನಿಮ್ಮ ಯಜಮಾನ್ರೇ ಅಲ್ವಾ ಕತ್ತೆ ಡಾಕ್ಟ್ರು? ಈ ಹಲ್ಲು ಅವರಿಗೆ ತೋರಿಸಬಹುದಾ, ಅಥವಾ...” ಎಂದು ಕೇಳಿದರು. ‘ಅಥವಾ’ದ ಮುಂದೆ ಅವರು ಏನೂ ಹೇಳಲಿಲ್ಲ. ಅಷ್ಟೇ ಸಾಕಾಯಿತು.

ಅವಳು ಮನೆಗೆ ಬಂದವಳೇ ಚೀಲ ಕೆಳಗಿಡದೆ ಗಂಡನ ಮುಂದೆ ನಿಂತಳು.

“ರೀ, ಕತ್ತೆ ಅಂದ್ರೆ ಏನು?”

“ಪ್ರಾಣಿ.”

“ವ್ಯಾಕರಣದಲ್ಲಿ?”

“ನಾಮಪದ ಇರಬೇಕು,” ಎಂದ ದಂತವೈದ್ಯ, ಪರೀಕ್ಷೆಗೆ ಓದದೆ ಬಂದವನಂತೆ.

“ಎಂಥ ನಾಮಪದ? ನದಿ, ಮರ, ಹಸು ಅನ್ನೋ ಹಾಗೆ ಎಲ್ಲಾ ಕತ್ತೆಗೂ ಸೇರಿ ಕತ್ತೆ ಅನ್ನೋದು ರೂಢನಾಮ. ಅದಕ್ಕೆ ನನ್ನ ತಕರಾರಿಲ್ಲ. ನಿಮ್ಮ ಮನೆಯವರು ಅದನ್ನ ಒಬ್ಬ ಮನುಷ್ಯನಿಗೆ ಇಟ್ಟು ಅಂಕಿತನಾಮ ಮಾಡ್ಕೊಂಡ್ರು. ಹೋಗ್ಲಿ, ಅದನ್ನೂ ಸಹಿಸ್ಕೊಂಡೆ. ಆದ್ರೆ ಊರಿನವರು ಏನಂದ್ಕೊಂಡಿದ್ದಾರೆ ಗೊತ್ತಾ? ಜಾಣ, ಜಿಪುಣ, ಸೋಮಾರಿ ಅಂತೀವಲ್ಲ, ಗುಣ ನೋಡಿ ಇಟ್ಟ ಹೆಸರು, ಅನ್ವರ್ಥನಾಮ ಅಂತ. ಅದು ನನ್ನ ಕೈಲಿ ಆಗಲ್ಲ.”

ದಂತವೈದ್ಯ ಇಸ್ಪೀಟಾಟದ ಕತೆ ಹೇಳಿದ. ಸೋದರತ್ತೆಯ ನೋಟದ ವಿಷಯ ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ. ಅವಳು ಕೇಳಿ, ಆಗ ಚೀಲ ಕೆಳಗಿಟ್ಟಳು.

“ಆಟದಲ್ಲಿ ಬಂದಿದ್ದಾ? ಹಾಗಾದ್ರೆ ಸುಲಭ. ಇನ್ನೊಂದು ಆಟ ಆಡಿ ಇನ್ನೊಬ್ಬರ ಕೊರಳಿಗೆ ಹಾಕಿ ಬನ್ನಿ.”

ಅಂದಿನಿಂದ ಊಟದ ಮೇಜಿನ ಮೇಲೆ ತಟ್ಟೆ ಎತ್ತಿದ ಮೇಲೆ ಎಲೆ ಬೀಳತೊಡಗಿದವು. ಅವಳು ಪಾಠ ಹೇಳುವವಳಲ್ಲವೇ, ಆಟ ಕಲಿತದ್ದಲ್ಲದೆ ಕಲಿಸತೊಡಗಿದಳು. ನಾಲ್ಕು ಪಾಲು ಹಂಚಿ, ಮೂರನ್ನು ತಾನೇ ಆಡುತ್ತಿದ್ದಳು. ಯಾವ ಬಣ್ಣ ಎಷ್ಟು ಹೋಯಿತು, ಯಾರ ಕೈಯಲ್ಲಿ ಏನಿಲ್ಲ, ಎಲ್ಲ ನೆನಪಿಡುತ್ತಿದ್ದಳು. ಗಂಡ ತಕ್ಕಮಟ್ಟಿಗೆ ಆಡುತ್ತಿದ್ದ. ಆದರೆ ಒಂದು ವಿಚಿತ್ರ ಚಟ ಅವಳ ಕಣ್ಣಿಗೆ ಬಿತ್ತು. ಎದುರಿನವರು ರಾಜ ಹಾಕಿದರೆ ಸಾಕು, ಕೈಯಲ್ಲಿ ಎರಡೋ ಮೂರೋ ಇದ್ದರೂ ಅವನು ಎಕ್ಕವನ್ನೇ ಎಳೆಯುತ್ತಿದ್ದ.

“ಇದೇನ್ರೀ ಇದು? ರಾಶಿನ ಮೈಮೇಲೆ ಎಳ್ಕೊಳ್ತೀರಲ್ಲ?”

“ಕೈ ಹಾಗೇ ಹೋಗುತ್ತೆ.”

“ಕೈ ಸುಮ್ಮನೆ ಹೋಗಲ್ಲ. ಯಾರೋ ಕಳಿಸಿರ್ತಾರೆ.”

ಅವನು ಎಲೆಗಳನ್ನು ಜೋಡಿಸುತ್ತ, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತ, ಕೊನೆಗೆ ನೋಟದ ವಿಷಯ ಹೇಳಿದ. ತಮ್ಮ ನೀಲಿಗಟ್ಟುತ್ತಿದ್ದುದನ್ನು, ಚಾಪೆಯ ಮೇಲೆ ಬಿದ್ದುದನ್ನು ಹೇಳಿದ.

“ಅಂದ್ರೆ ನಿಮಗೆ ಆಟ ಬರ್ತಿರಲಿಲ್ಲ ಅಂತಲ್ಲ.”

“ಬರ್ತಿತ್ತು.”

“ಅದು ಇನ್ನೂ ಕೆಟ್ಟದ್ದು,” ಎಂದು ಅವಳು ಎಲೆ ಹಂಚಿದಳು.

ಅವಕಾಶ ತಾನಾಗಿಯೇ ಬಂತು. ತಮ್ಮ ವಕೀಲನಾಗಿದ್ದ, ಒಳ್ಳೆಯ ವಕೀಲ. ಸೋಲು ಈಗಲೂ ಅವನಿಗೆ ಆಗುತ್ತಿರಲಿಲ್ಲ. ಸೋತ ಕೇಸುಗಳನ್ನು ಅವನು ‘ಮೇಲ್ಮನವಿಯಲ್ಲಿರುವವು’ ಎಂದು ಕರೆಯುತ್ತಿದ್ದ. ಅವನಿಗೆ ನ್ಯಾಯಾಧೀಶನಾಗಿ ನೇಮಕದ ಆದೇಶ ಬಂದಿತ್ತು. ಆ ಸಂತೋಷಕ್ಕೆ ಎಲ್ಲರೂ ಅಕ್ಕನ ಮನೆಯಲ್ಲಿ ಊಟಕ್ಕೆ ಸೇರಿದರು. ಅಕ್ಕ ಬಸ್ ಡಿಪೋದಲ್ಲಿ ಗುಮಾಸ್ತೆ. ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳದೊಂದು ಮನೆ, ಸೋದರತ್ತೆ ಇರುವುದೂ ಅಲ್ಲೇ. ಕೆಳಗೆ ಹೊಲಿಗೆ ಯಂತ್ರ ಓಡಿದಾಗ ಮೇಲೆ ಲೋಟಗಳು ಸಣ್ಣಗೆ ನಡುಗುತ್ತಿದ್ದವು. ತಮ್ಮನ ಹೆಂಡತಿ ಗಂಡನ ಹೊಸ ಪದವಿಯನ್ನು ಗಂಡನಿಗಿಂತ ಮೊದಲೇ ಧರಿಸಿಕೊಂಡು ಬಂದಿದ್ದಳು. ಕುರ್ಚಿಯ ಅಂಚಿನಲ್ಲಿ, ಬೆನ್ನು ನೆಟ್ಟಗೆ.

ಊಟ ಮುಗಿದು ತಟ್ಟೆ ತೊಳೆದಿಟ್ಟ ಮೇಲೆ ದಂತವೈದ್ಯನ ಹೆಂಡತಿ ಇಸ್ಪೀಟಿನ ಕಟ್ಟು ಹೊರತೆಗೆದಳು.

“ಒಂದು ಆಟ ಆಗ್ಲಿ. ಕತ್ತೆ ಆಟ. ನೀವು ಮೂವರು, ಅತ್ತೆ ಒಬ್ಬರು. ಕೊನೆಗೆ ಉಳಿದವರಿಗೆ ಇನ್ಮೇಲೆ ಆ ಹೆಸರು. ಇವರೇ ಉಳಿದ್ರೆ ನಾನೂ ಹಾಗೇ ಕರೀತೀನಿ, ಮತ್ತೆ ಯಾವತ್ತೂ ಮಾತೆತ್ತಲ್ಲ.”

ತಮ್ಮ ನಕ್ಕ. “ಅತ್ತಿಗೆ, ಇದು ಒಪ್ಪಂದವಾ?”

“ಬಾಯಿಮಾತಿನ ಒಪ್ಪಂದ.”

“ಸಾಕ್ಷಿ ಯಾರು?”

“ನಿಮ್ಮ ಹೆಂಡತಿ.”

“ಆಗ್ಲಿ. ಅಣ್ಣನ ಹೆಸರು ಅಣ್ಣನಿಗೇ ಖಾಯಂ ಮಾಡಿ ಕಳಿಸ್ತೀವಿ,” ಎಂದು ಅವನು ತೋಳು ಮಡಚಿ ನೆಲದ ಚಾಪೆಯ ಮೇಲೆ ಕೂತ. ಸೋದರತ್ತೆ ಆಗಲೇ ಕನ್ನಡಕ ಒರೆಸಿಕೊಂಡು ಗೋಡೆಗೆ ಒರಗಿ ಸಿದ್ಧರಾಗಿದ್ದರು.

ಆಟ ಮೊದಲು ಹರಟೆಯ ನಡುವೆ ನಡೆಯಿತು. ಅಕ್ಕನಿಗೆ ಒಳ್ಳೆಯ ಎಲೆ ಬಿದ್ದಿದ್ದವು. ಬೇಗ ಕೈ ಖಾಲಿ ಮಾಡಿಕೊಂಡು, ತಾನು ಬಚಾವೆಂದು ಕಾಲು ಚಾಚಿದಳು. ಉಳಿದವರು ಮೂವರು. ನಿಧಾನವಾಗಿ ಮಾತು ನಿಂತಿತು. ಸೋದರತ್ತೆಯ ಕೈಯಲ್ಲಿ ಒಂದೇ ಎಲೆ, ಅದು ಇಸ್ಪೀಟು. ಅವರಲ್ಲಿ ಡೈಮಂಡು ಇಲ್ಲವೆಂದು ಹಿಂದಿನ ಸುತ್ತುಗಳಲ್ಲೇ ಎಲ್ಲರಿಗೂ ಗೊತ್ತಾಗಿತ್ತು. ದಂತವೈದ್ಯನ ಕೈಯಲ್ಲಿ ಉಳಿದದ್ದು ಎರಡು: ಡೈಮಂಡು ಎಕ್ಕ ಮತ್ತು ಡೈಮಂಡು ಮೂರು. ಇಳಿಸುವ ಸರದಿ ತಮ್ಮನದು.

ತಮ್ಮ ತನ್ನ ಎಲೆಗಳನ್ನು ಒಮ್ಮೆ ನೋಡಿ, ಯೋಚನೆಯೇ ಇಲ್ಲದವನಂತೆ ಡೈಮಂಡು ರಾಜನನ್ನು ಚಾಪೆಯ ಮೇಲೆ ಹಾಕಿದ.

ಬೇರೆ ಎಲೆಗಳಿದ್ದವು ಅವನಲ್ಲಿ. ಅತ್ತೆ ಕಟ್ ಮಾಡುವುದು ಖಂಡಿತವೆಂದು ಗೊತ್ತಿದ್ದೂ ಯಾರೂ ರಾಜನನ್ನು ಇಳಿಸುವುದಿಲ್ಲ, ಅದರ ಮೇಲೆ ಎಕ್ಕ ಬಂದೇ ಬರುತ್ತದೆಂಬ ನಂಬಿಕೆ ಇದ್ದರೆ ಹೊರತು. ದಂತವೈದ್ಯ ತಲೆ ಎತ್ತಿದ. ಗೋಡೆಗೆ ಒರಗಿದ್ದ ಸೋದರತ್ತೆ ದಪ್ಪ ಕನ್ನಡಕದ ಹಿಂದಿನಿಂದ ಅವನ ಕಡೆ ಆ ನೋಟ ಎಸೆದಿದ್ದರು. ಅವರಿಗೆ ಈಗ ಬೀದಿಯ ಆಚೆಯ ಮನೆ ಕಾಣುತ್ತಿರಲಿಲ್ಲ, ನೋಟ ಮಾತ್ರ ಹಾಗೆಯೇ ಇತ್ತು. ಅವನ ಹೆಬ್ಬೆರಳು ಎಕ್ಕದ ಮೇಲೆ ಹೋಯಿತು. ಹೋಗಿ ಅಲ್ಲೇ ನಿಂತಿತು. ಕೆಳಗಿನ ಹೊಲಿಗೆ ಯಂತ್ರ ಒಂದು ಉದ್ದನೆಯ ಹೊಲಿಗೆ ಮುಗಿಸಿ ಸುಮ್ಮನಾಯಿತು.

ಅವನು ಮೂರನ್ನು ಹಾಕಿದ.

ಸೋದರತ್ತೆ ಕೈಯಲ್ಲಿದ್ದ ಒಂದೇ ಎಲೆಯನ್ನು ಬಹಳ ಹೊತ್ತು ಹಿಡಿದುಕೊಂಡರು. ಆಮೇಲೆ ಅದನ್ನು ರಾಜನ ಪಕ್ಕಕ್ಕೆ ಮೆಲ್ಲಗೆ ಇಟ್ಟರು. ಕಟ್ ಎನ್ನಬೇಕಿತ್ತು, ಎನ್ನಲಿಲ್ಲ.

“ಅಣ್ಣ, ಎಕ್ಕ ನಿನ್ನ ಹತ್ರಾನೇ ಇರಬೇಕಲ್ಲ?” ಎಂದ ತಮ್ಮ.

“ಇದೆ.”

“ಮತ್ತೆ?”

“ಮತ್ತೇನು? ಇದೆ.”

ಎಲ್ಲರ ಕಣ್ಣೂ ತಮ್ಮನ ಮುಖದ ಮೇಲೆ ನೆಟ್ಟವು. ಅಕ್ಕ ನೀರಿನ ಲೋಟಕ್ಕೆ ಕೈ ಹಾಕಿದಳು. ಆದರೆ ಅವನ ಮುಖ ನೀಲಿಗಟ್ಟಲಿಲ್ಲ. ಬಿದ್ದ ಎಲೆಗಳನ್ನು ಬಾಚಿ, ಬಣ್ಣಕ್ಕೆ ತಕ್ಕಂತೆ ಜೋಡಿಸಿ, ಒಂದನ್ನು ಇಳಿಸಿದ. ಯಾವುದನ್ನು ಇಳಿಸಿದ್ದರೂ ಒಂದೇ ಆಗಿತ್ತು. ದಂತವೈದ್ಯ ಎಕ್ಕ ಹಾಕಿ ಎರಡೂ ಕೈ ಬಿಚ್ಚಿ ತೋರಿಸಿದ.

“ಸರಿ, ತೀರ್ಪು ಒಪ್ಪಿದ್ದೀನಿ,” ಎಂದ ತಮ್ಮ. ದನಿ ಸರಾಗವಾಗಿಯೇ ಇತ್ತು.

“ಅಂದ್ರೆ ಇನ್ಮೇಲೆ ಇವರನ್ನ...” ಎಂದು ತಮ್ಮನ ಹೆಂಡತಿ ಶುರುಮಾಡಿದಳು. ಮುಂದಿನ ಪದ ಅವಳ ಬಾಯಿಂದ ಬರಲಿಲ್ಲ. ಅಕ್ಕ ನಗಲು ಹೊರಟವಳು ಆ ಮುಖ ನೋಡಿ ನೀರು ಕುಡಿದಳು. ಬೇಗನೆ ಎಲ್ಲರಿಗೂ ಮನೆಗೆ ಹೋಗುವ ಕೆಲಸ ನೆನಪಾಯಿತು.

ದಾರಿಯಲ್ಲಿ ದಂತವೈದ್ಯನ ಹೆಂಡತಿ ಗಂಡನ ತೋಳು ಹಿಡಿದು ನಡೆದಳು. ಗೆದ್ದದ್ದು ಅವಳೇ ಎಂಬಂತಿತ್ತು, ಸುಳ್ಳೂ ಅಲ್ಲ.

ಇದರಿಂದ ಏನಾಗಬೇಕಿತ್ತೋ ಅದಾಗಲಿಲ್ಲ. ಹೆಸರು ಅಣ್ಣನನ್ನು ಬಿಟ್ಟಿತು, ತಮ್ಮನನ್ನು ಹಿಡಿಯಲಿಲ್ಲ. ಅಕ್ಕ ಒಂದು ಸಲ ಪ್ರಯತ್ನಪಟ್ಟಳು. ತಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ, “ಕತ್ತೆಗೆ ಇನ್ನೊಂದು ಸ್ವಲ್ಪ ಅನ್ನ ಬಡಿಸು,” ಎಂದಳು. ತಮ್ಮನ ಹೆಂಡತಿ ಚಮಚ ಕೆಳಗಿಟ್ಟಳು. ಬಾಗಿಲ ಬಳಿ ನಿಂತಿದ್ದ ಕೋರ್ಟಿನ ಜವಾನ ಗೋಡೆಯ ಕಡೆ ತಿರುಗಿದ. ಅಷ್ಟು ವರ್ಷ ಊಟ, ಜ್ವರ, ಹೊಸ ಅಂಗಿಗಳ ನಡುವೆ ಓಡಾಡಿಕೊಂಡಿದ್ದ ಒಂದು ಮಾತು ಆ ಊಟದ ಮೇಜಿನ ಮೇಲೆ ಬೈಗುಳವಾಗಿ ಬಿತ್ತು. ಬಿದ್ದ ಮೇಲೆ ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ನ್ಯಾಯಾಧೀಶನಿಗೆ ಕತ್ತೆ ಎಂದರೆ ನ್ಯಾಯಾಂಗ ನಿಂದನೆಯೆಂದು ಅದಕ್ಕೆ ಕಾನೂನಿನಲ್ಲೇ ಜಾಗವಿದೆ. ದಂತವೈದ್ಯನಿಗೆ ಎಂದರೆ ಯಾವ ಕಾನೂನಿಗೂ ಅದು ಕೇಳಿಸುವುದಿಲ್ಲ.

ಇತ್ತ ದಂತವೈದ್ಯನನ್ನು ಏನೆಂದು ಕರೆಯಬೇಕೆಂದು ಮನೆಯವರಿಗೆ ತಿಳಿಯದಾಯಿ­ತು. ಅಕ್ಕ ಫೋನ್ ಮಾಡಿದಾಗ ಸಹಾಯಕಿಗೆ “ಡಾಕ್ಟರು ಇದ್ದಾರಾ?” ಎನ್ನುತ್ತಿದ್ದಳು. ಆಮೇಲೆ ದಂತವೈದ್ಯನೊಂದಿಗೆ ಮಾತಾಡುವಾಗಲೂ ಆ ‘ಇದ್ದಾರಾ’ ಅವಳ ನಾಲಗೆಗೆ ಅಂಟಿಕೊಂಡೇ ಇರುತ್ತಿತ್ತು. ಹೆಂಡತಿ ಅವನ ನಿಜವಾದ ಹೆಸರು ಹಿಡಿದು ಪಕ್ಕದ ಕೋಣೆಯಿಂದ ಕೂಗಿದರೆ ಅವನು ತಿರುಗುತ್ತಿರಲಿಲ್ಲ. ಬೇರೆ ಯಾರನ್ನೋ ಕರೆಯುತ್ತಿದ್ದಾಳೆಂದು ಪತ್ರಿಕೆ ಓದುತ್ತ ಕೂತಿರುತ್ತಿದ್ದ.

ಸೋದರತ್ತೆ ಹಲ್ಲು ತೋರಿಸಲು ಬಂದರು. ಕಾಯುವ ಕೋಣೆಯಲ್ಲಿ ಎಲ್ಲರಂತೆ ತೆಪ್ಪಗೆ ಕೂತು, ತಮ್ಮ ಸರದಿ ಬಂದಾಗ ಒಳಗೆ ಬಂದರು. ಅವರು ಹಾಗೆ ಕೂತದ್ದನ್ನು ಕಂಡರೆ ಅವರಿಗೆ ಜ್ವರವಿದೆಯೆಂದು ಯಾರಿಗಾದರೂ ಅನಿಸಬೇಕು.

“ಹೇಗಿದ್ದೀರಿ ಡಾಕ್ಟ್ರೇ?” ಎಂದರು.

“ಅತ್ತೆ, ಹಾಗನ್ನಬೇಡ.”

“ಮತ್ತೆ ಏನನ್ಲಿ? ನಿನ್ನ ಶಾಲೆ ಹೆಸರು ಹೇಳೋಕೆ ನನಗೆ ಹಲ್ಲು ಸಾಲಲ್ಲ.”

ಅವನು ಬಾಯಿ ನೋಡಿದ. ಎರಡು ಗಟ್ಟಿ ಹಲ್ಲುಗಳ ಮಧ್ಯೆ ಖಾಲಿ ಬಿದ್ದಿತ್ತು, ಎರಡಕ್ಕೂ ಆನಿಸಿ ಕಟ್ಟುಹಲ್ಲು ಕೂರಿಸಬಹುದಿತ್ತು. “ಇಲ್ಲಿ ಒಂದು ಬ್ರಿಡ್ಜ್ ಹಾಕಬೇಕು, ಅತ್ತೆ.”

ಸೋದರತ್ತೆಗೆ ಗೊತ್ತಿದ್ದ ಬ್ರಿಡ್ಜ್ ಒಂದೇ, ರೈಲ್ವೆ ಸಾಹೇಬರ ಕ್ಲಬ್ಬಿನಲ್ಲಿ ಆಡುತ್ತಿದ್ದ ಇಸ್ಪೀಟಿನ ಬ್ರಿಡ್ಜ್. “ಅದಕ್ಕೆ ನಾಲ್ಕು ಜನ ಬೇಕಲ್ಲಪ್ಪ,” ಎಂದರು. “ಈಗ ಮೂವರನ್ನ ಒಂದು ಚಾಪೆ ಮೇಲೆ ಕೂರಿಸೋಕೇ ಆಗ್ತಿಲ್ಲ. ಚಿಕ್ಕವನು ಅವತ್ತಿಂದ ಈ ಕಡೆ ತಲೆ ಹಾಕಿಲ್ಲ.” ಸ್ವಲ್ಪ ತಡೆದು ಮತ್ತೆ ಹೇಳಿದರು. “ಅವತ್ತು ನಾನು ನಿನ್ನ ಕಡೆ ನೋಡ್ಬಾರದಿತ್ತು. ಅಭ್ಯಾಸ.”

“ನಾನೂ ಅಭ್ಯಾಸದ ಮೇಲೆ ಎಕ್ಕಕ್ಕೇ ಕೈ ಹಾಕಿದ್ದೆ.”

“ಗೊತ್ತು. ಕಂಡಿತು.” ಅವರು ಬಾಯಿ ತೆರೆದರು.

ತಮ್ಮ ಬಂದದ್ದು ಇದಾದ ಕೆಲವು ವಾರಕ್ಕೆ, ಕೋರ್ಟಿಗೆ ಹೋಗುವ ಮುಂಚೆ, ಬೆಳಿಗ್ಗೆ. ಬಲಗೆನ್ನೆ ಬನ್ನಿನಂತೆ ಊದಿತ್ತು. ಹಿಂದೆ ಅದೇ ಜವಾನ, ಪಟ್ಟಿ ಬಿಗಿದ ಸಮವಸ್ತ್ರದಲ್ಲಿ. ಕಾಯುತ್ತಿದ್ದವರು ತಾವಾಗಿಯೇ ಎದ್ದು ದಾರಿ ಬಿಟ್ಟರು. ಜವಾನ ಚಿಕಿತ್ಸೆಯ ಕೋಣೆಯ ಬಾಗಿಲ ಹೊರಗೆ, ನ್ಯಾಯಾಲಯದಲ್ಲಿ ನಿಲ್ಲುವಂತೆ ನಿಂತ. ಒಳಗೆ ತಮ್ಮ ಕುರ್ಚಿಗೆ ಒರಗಿದ. ದಂತವೈದ್ಯ ದೀಪ ಎಳೆದು, ಸಣ್ಣ ಕನ್ನಡಿ ಹಿಡಿದು ನೋಡಿದ.

“ಬೇರಿನ ತನಕ ಹೋಗಿದೆ. ಇಷ್ಟು ದಿನ ಯಾಕೋ ಬರಲಿಲ್ಲ?”

“ಬರೋಕೆ ಏನೋ ಒಂಥರಾ ಆಯ್ತು.” ತಮ್ಮ ಮೇಲಿನ ದೀಪವನ್ನು ನೋಡುತ್ತ ಹೇಳಿದ. “ಅಣ್ಣ, ಒಂದು ಮಾತು ಕೇಳ್ತೀನಿ. ನನ್ನನ್ನ ಯಾಕೆ ಯಾರೂ ಕರೀಲಿಲ್ಲ?”

“ಏನಂತ?”

“ಗೊತ್ತಿಲ್ಲದವನ ಹಾಗೆ ಕೇಳ್ಬೇಡ. ಸೋತಿದ್ದು ನಾನು. ಎಲ್ಲರ ಎದುರಿಗೇ ಸೋತೆ, ಒಪ್ಕೊಂಡೆ. ಆಮೇಲೆ ಅಕ್ಕ ಒಂದ್ಸಲ ಅಂದ್ಲು, ಅಲ್ಲಿಗೆ ಮುಗೀತು.”

“ನೀನು ಜಡ್ಜ್ ಕಣೋ. ನಿನಗಂದ್ರೆ ಬೈದ ಹಾಗಾಗುತ್ತೆ.”

“ನಿನಗಂದಾಗ ಆಗ್ತಿರಲಿಲ್ವಾ?”

ದಂತವೈದ್ಯ ಕನ್ನಡಿಯನ್ನು ತಟ್ಟೆಯಲ್ಲಿಟ್ಟ. “ಮನೆಯವರಂದಾಗ ಇಲ್ಲ. ಹೊರಗಿನವರಂದಾಗ ಆಗ್ತಿತ್ತು.”

“ಅದನ್ನೇ ನಾನು ಹೇಳ್ತಿರೋದು. ಕೋರ್ಟಲ್ಲಿ ನನ್ನ ಹತ್ರ ಮಾತಾಡ್ಬೇಕಾದ್ರೆ ಎದ್ದು ನಿಲ್ತಾರೆ. ಮನೇಲಿ ಇವಳು ‘ಸಾಹೇಬರು’ ಅನ್ನೋಕೆ ಶುರು ಮಾಡಿದ್ದಾಳೆ, ಅಡುಗೆಯವಳ ಹತ್ರ. ಚಿಕ್ಕಂದಿನಲ್ಲಿ ನೀವೆಲ್ಲ ಚಿಕ್ಕವನು ಅಂತಿದ್ರಿ. ಚಿಕ್ಕವನು ಅನ್ನೋದು ಹೆಸರಾ? ಅದು ಸರದಿ. ಮನೇಲಿ ಹೆಸರು ಅಂತ ಇದ್ದಿದ್ದು ನಿನಗೊಬ್ಬನಿಗೆ. ಅತ್ತೆ ಬಾಯಲ್ಲಿ ದಿನಕ್ಕೆ ನೂರು ಸಲ ಅದೇ. ಕತ್ತೆ ಎಲ್ಲಿ, ಕತ್ತೆ ಬಂತಾ, ಕತ್ತೆಗೆ ತೆಗೆದಿಡು.”

“ನಿನ್ನ ಬಚಾವು ಮಾಡೋಕೆ ಹೋಗಿ ಬಂದ ಹೆಸರು ಕಣೋ ಅದು. ನೀನು ರಾಜ ಹಾಕ್ದಾಗೆಲ್ಲ ಅತ್ತೆ ನನ್ನ ಕಡೆ ನೋಡ್ತಿದ್ರು.”

“ಅದು ನನಗೆ ಕಾಣ್ತಿರಲಿಲ್ಲ ಅಂದ್ಕೊಂಡ್ಯಾ? ಅತ್ತೆ ಇದ್ದಾರೆ, ನೀನಿದ್ದೀಯ ಅಂತಾನೇ ನಾನು ರಾಜ ಹಾಕ್ತಿದ್ದಿದ್ದು.”

ಇಷ್ಟು ವರ್ಷ ದಂತವೈದ್ಯ ಗುಟ್ಟಾಗಿ ಹೊತ್ತು ತಂದದ್ದು ಮೊದಲಿನಿಂದಲೂ ಎಲ್ಲರಿಗೂ ಕಾಣುವಂತೆ ಬೆನ್ನ ಮೇಲೇ ಇತ್ತು. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು, ಅದನ್ನು ಮಾಸ್ಕಿನೊಳಗೇ ಮುಗಿಸಿಕೊಂಡ. ಕೈ ತೊಳೆದ. ಚುಚ್ಚುಮದ್ದಿಗೆ ಸೂಜಿ ಸಿಕ್ಕಿಸಿದ.

“ನೀನಾದ್ರೂ ಒಂದ್ಸಲ ಕರಿ,” ಎಂದ ತಮ್ಮ.

“ಹೀಗೆ ಕೇಳಿ ಕರೆಸ್ಕೊಂಡ್ರೆ ಬರಲ್ಲ ಅದು.”

“ನನಗೇನೋ ಗೆದ್ದ ಹಾಗೇ ಅನ್ನಿಸಿತ್ತು ಅವತ್ತು. ಇನ್ಮೇಲೆ ಅತ್ತೆ ಮನೆ ಬಾಗಿಲಿಗೆ ಹೋದ್ರೆ ನನ್ನನ್ನೂ ಒಳಗಿನಿಂದ ಕೂಗಿ ಕರೀತಾರೆ ಅಂತ. ಹೋಗಿ ನೋಡೋಕೇ ಧೈರ್ಯ ಬರಲಿಲ್ಲ, ಕರೀದೇ ಇದ್ರೆ ಅಂತ. ಅಲ್ಲ ಅಣ್ಣ, ನೀನೇ ಹೇಳು, ನ್ಯಾಯವಾಗಿ ನನಗೆ ಬರಬೇಕಾಗಿದ್ದಲ್ವಾ ಅದು? ಅದರಲ್ಲೂ ಸಾಕ್ಷಿ ಇಟ್ಕೊಂಡು...”

ತಮ್ಮ ವಾದ ಶುರುಮಾಡಿದರೆ ನಿಲ್ಲಿಸುವ ವಕೀಲನೇ ಹುಟ್ಟಿರಲಿಲ್ಲ. ಮೂಲೆಯ ಕಂಪ್ರೆಸರ್ ಯಂತ್ರ ಗುಡುಗಲು ಶುರುಮಾಡಿತ್ತು, ದೀಪದ ಬಿಸಿಗೆ ಹಣೆ ಬೆವರುತ್ತಿತ್ತು, ಸೂಜಿಯ ತುದಿಯಲ್ಲಿ ಹನಿ ನಿಂತಿತ್ತು, ರೋಗಿ ಮಾತ್ರ ಗದ್ದ ಅಲ್ಲಾಡಿಸುತ್ತಲೇ ಇದ್ದ. ದಂತವೈದ್ಯನ ತಾಳ್ಮೆ ತಪ್ಪಿತು.

“ಸಾಕು ನಿನ್ನ ಮಾತು. ಬಾಯಿ ತೆಗಿ, ಕತ್ತೆ.”

ಯಂತ್ರದ ಸದ್ದು ಮೀರಿಸಲು ಗಂಟಲು ಎತ್ತಿದ್ದ. ಅಷ್ಟರಲ್ಲಿ ಯಂತ್ರ ನಿಂತುಬಿಟ್ಟಿದ್ದರಿಂದ ಮಾತು ಇಡೀ ಆಸ್ಪತ್ರೆಗೆ ಕೇಳಿತು. ತಮ್ಮ ಒಂದು ಕ್ಷಣ ಅಣ್ಣನ ಮುಖ ನೋಡಿದ. ಆಮೇಲೆ, ಊದಿದ ಕೆನ್ನೆ ಎಷ್ಟು ಬಿಡುತ್ತದೋ ಅಷ್ಟಗಲ ಬಾಯಿ ತೆರೆದ. ಇನ್ನೂ ಸೂಜಿ ಮುಟ್ಟಿರಲಿಲ್ಲ, ಆಗಲೇ ಅವನ ಕಣ್ಣಂಚಿನಲ್ಲಿ ನೀರಾಡಿತು.

ಹಲ್ಲು ಉಳಿಯಲಿಲ್ಲ. ಬೇರು ಪೂರ್ತಿ ಕೊಳೆತಿತ್ತು. ಕಿತ್ತು, ತೊಳೆದು, ಹತ್ತಿ ಇಟ್ಟು, ಮಾತಾಡಬಾರದೆಂದು ಹೇಳಿ ಕಳಿಸಿದ. ಮರಗಟ್ಟಿದ ಕೆನ್ನೆ ಒಂದು ಕಡೆಗೆ ಜೋತುಬಿದ್ದಿತ್ತು, ಇನ್ನೊಂದು ಕಡೆಯಿಂದ ನ್ಯಾಯಾಧೀಶ ನಗುತ್ತಿದ್ದ. ಕಾಯುವ ಕೋಣೆಯಲ್ಲಿ ಯಾರೂ ಯಾರನ್ನೂ ನೋಡುತ್ತಿರಲಿಲ್ಲ.

ಕಾರಿನ ಬಾಗಿಲು ತೆರೆದು ಹಿಡಿದ ಜವಾನ ಬಹಳ ಬಗ್ಗಿ, ಬಹಳ ಮೆಲ್ಲಗೆ ಹೇಳಿದ: “ಸ್ವಾಮಿ, ಒಳಗೆ ಆ ಡಾಕ್ಟ್ರು ತಮಗೆ ಅಂದಿದ್ದು ನಾನು ಸ್ಪಷ್ಟವಾಗಿ ಕೇಳಿಸ್ಕೊಂಡೆ. ತಾವು ಹೂಂ ಅಂದ್ರೆ ಸಾಕ್ಷಿ ಹೇಳೋಕೆ ತಯಾರಿದ್ದೀನಿ.”

ನ್ಯಾಯಾಧೀಶನ ಬಾಯಲ್ಲಿ ಹತ್ತಿಯಿತ್ತು. ಬೇಡವೆಂದು ಕೈ ಆಡಿಸಿದ. ಜವಾನ ಅದನ್ನು ಈಗ ಬೇಡ, ಮುಂದೆ ನೋಡೋಣ ಎಂದು ಅರ್ಥ ಮಾಡಿಕೊಂಡ. ಅಣ್ಣ ಈಗ ತಮ್ಮನ ಬಂಗಲೆಗೆ ಹೋದಾಗಲೆಲ್ಲ ಆ ಜವಾನ ಗೇಟನ್ನು ಅರ್ಧ ಮಾತ್ರ ತೆರೆಯುತ್ತಾನೆ. ದಂತವೈದ್ಯ ಅಡ್ಡವಾಗಿ ನುಸುಳಿಕೊಂಡು ಒಳಗೆ ಹೋಗುತ್ತಾನೆ.